ಹನ್ನೊಂದರ ಮೇಲಿನ ಕೆಲಸ

"ನಿನ್ ಮೀನ್ ವಾಸ್ನಿ ತಡೂಕ್ ಆತಿಲ್ಲೆ. ಬಾಗ್ಲ್ ಹೊರ್ಗ್ ನಿಂತ್ಕಂಡ್ ಮಾತಾಡ್," ಎಂದ ಶಾಲೆಯ ಮ್ಯಾನೇಜರ್ ಶೈಲೇಶ್.

ಕುಸುಮ ಹೊಸ್ತಿಲಿನಾಚೆ ಸರಿದಳು. ಕೈಯಲ್ಲಿ ಶಾಲೆ ತೊಳೆಯುವ ಕೆಲಸದ ಮೊದಲ ತಿಂಗಳ ಸಂಬಳದ ಚೀಟಿ. ಆರು ಸಾವಿರ.

"ಸರ್, ಪೇಪರಂಗೆ ಹದ್ನಾರ್ ಸಾವ್ರ ಅಂದ್ ಇದ್ದಿತ್ತ್."

"ಪಕ್ಕದಗೆ ಪ್ರೊ ರೇಟಾ ಅಂದ್ ಇದ್ದದ್ ಕಾಣ್ಲಿಲ್ಯಾ? ದಿನಕ್ ಎಂಟ್ ಗಂಟಿ ಮಾಡ್ರೆ ಹದ್ನಾರ್. ನಿಂದ್ ಎಂಟರಿಂದ ಹನ್ನೊಂದ್, ಮೂರೇ ಗಂಟಿ. ಅದ್ಕೆ ಆರ್. ಮಂಡಿಗ್ ಹೊಕ್ಕಿತಾ?"

"ನಾನ್ ದಿನಾ ನಾಕ್ ಗಂಟಿ ವರಿಗೂ ತೊಳ್ದಿದೆ ಅಲ್ದಾ?"

"ತೊಳಿ ಅಂದದ್ ಯಾರ್? ಹನ್ನೊಂದಕ್ ಬೆರಳ್ ಒತ್ತಿದ್ ನೀನೇ. ಮಿಷಿನ್ ಸುಳ್ಳ್ ಹೇಳ್ತಿಲ್ಲೆ."

ಆ ಜಾಹೀರಾತನ್ನು ಅವಳಿಗೆ ಓದಿ ಹೇಳಿದವಳು ನಾನು, ಸರಸ, ಅದೇ ಶಾಲೆಯ ಅಡುಗೆಯವಳು. ಏಳನೆಯ ತನಕ ಓದಿದ್ದೇನೆ. ಹದಿನಾರು ಸಾವಿರ ದೊಡ್ಡದಾಗಿತ್ತು. ಪಕ್ಕದಲ್ಲಿ ಇರುವೆ ಗಾತ್ರದ ಎರಡು ಪದ. ತಿಳಿಯಲಿಲ್ಲ, ಬಿಟ್ಟು ಓದಿದೆ.

ಕುಸುಮ ಗಂಗೊಳ್ಳಿ ಬಂದರಿನಲ್ಲಿ ಹನ್ನೆರಡು ವರ್ಷ ಮೀನು ಕೊಯ್ದವಳು. ಅಲ್ಲಿ ಗಡಿಯಾರ ನೋಡುವವರಿಲ್ಲ. ರಾಶಿ ಮುಗಿಯುವ ತನಕ ಯಾರೂ ಏಳುವುದಿಲ್ಲ, ಅಷ್ಟೆ. ಇಲ್ಲಿಯೂ ಹಾಗೇ ಅಂದುಕೊಂಡಳು. ಹನ್ನೊಂದಕ್ಕೆ ಮಿಷಿನ್ನಿಗೆ ಬೆರಳು ಒತ್ತು ಎಂದು ಶೈಲೇಶ್ ಅಂದಾಗ ಬರೀ ಹಾಜರಿಯಿರಬೇಕೆಂದು ಒತ್ತಿ, ಮತ್ತೆ ಪೊರಕೆ ಹಿಡಿದಳು. ಮೂರು ಮಹಡಿ, ಇಪ್ಪತ್ತೆರಡು ಪಾಯಿಖಾನೆ. ಮೂರು ಗಂಟೆಯಲ್ಲಿ ಯಾರಿಂದ ಆದೀತು? ಮಧ್ಯಾಹ್ನ ಅವಳು ನೆಲ ಒರೆಸುವಾಗ ಶೈಲೇಶ್ ದಿನಾ ಪಕ್ಕದಲ್ಲೇ ದಾಟಿಹೋಗುತ್ತಿದ್ದ. ನಾನೇ ನೋಡಿದ್ದೇನೆ.

ಚೀಟಿ ಹಿಡಿದು ಕುಸುಮ ಅಡುಗೆಮನೆಗೆ ಬಂದು ಕುಳಿತಳು. ಗಂಗೊಳ್ಳಿಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಹದಿನಾರು ಸಾವಿರ ನಂಬಿ ಮಗಳು ನಿಖಿತಾಳನ್ನು ನರ್ಸಿಂಗಿಗೆ ಸೇರಿಸಿಯೂ ಆಗಿತ್ತು.

"ಫೀಸಿನ್ ಕಂತಿಗ್ ಎಂತ ಮಾಡುದ್, ಸರಸಕ್ಕ?"

"ನಂಗ್ ಬೈ ಮಾರಾಯ್ತಿ. ಓದಿ ಹೇಳದ್ ನಾನಲ್ದಾ."

"ನಿಂಗ್ ಬೈದ್ರೆ ಫೀಸ್ ಆತ್ತಾ? ಆ ಬೋಳಿಮಗ ಬೇಕಂದೇ ಸಣ್ಣಕ್ ಬರ್ಸದ್." ಬೆರಳು ಮಡಚಿ ಎಣಿಸಿದಳು. "ದಿನಕ್ ಐದ್ ಗಂಟಿ ಧರ್ಮಕ್ ತೊಳ್ದೆ ಕಾಣ್."

ಮರುದಿನ ಹನ್ನೊಂದೂವರೆಗೆ ಟ್ರಸ್ಟಿಗಳು ಬರುವವರಿದ್ದರು. ಕುಸುಮ ಮೇಲಿನ ಮಹಡಿಗಳನ್ನು ಬಿಟ್ಟು ಕೆಳಗಿನಿಂದಲೇ ತೊಳೆಯತೊಡಗಿದಳು. ಹನ್ನೊಂದಾದಾಗ ಆಫೀಸಿನ ಮುಂದಿನ ಜಗಲಿಯಿಡೀ ಸೋಪಿನ ನೊರೆ. ಬಾಲ್ದಿ ಇಟ್ಟು ಬೆರಳು ಒತ್ತಿ, ಚಪ್ಪಲಿ ಮೆಟ್ಟಿದಳು.

"ಹ್ವಾಯ್, ಎಲ್ಲಿಗ್ ಹೋಪುದ್? ಇದನ್ ಯಾರ್ ನಿನ್ನಪ್ಪ ಒರ್ಸುದಾ?" ಶೈಲೇಶ್ ಹೊರಗೆ ಓಡಿ ಬಂದ.

"ಹನ್ನೊಂದಾಯ್ತ್ ಸರ್."

"ಮುಗ್ಸಿ ಹೋಗ್. ಇಲ್ದಿರೆ ನಾಳಿಂದ ಬಪ್ಪುದ್ ಬ್ಯಾಡ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಹಾಂಗಾರೆ ಇಷ್ಟ್ ದಿನ ತೊಳ್ದ ಐದೈದ್ ಗಂಟಿ ಲೆಕ್ಕ ಮೊದ್ಲ್ ಕೊಡಿ," ಎಂದಳು. ಅವನು ಗಡಿಯಾರ ನೋಡಿದ. ಅವಳು ಗೇಟು ದಾಟಿದಳು.

ಶೈಲೇಶ್ ಒರೆಸುವ ಕೋಲನ್ನು ನನ್ನ ಕಡೆ ಚಾಚಿದ. "ಸರಸ, ಬೇಗ ಒರ್ಸ್."

ನನಗೂ ಮನೆಯಿದೆ, ಉಣ್ಣುವ ಬಾಯಿಗಳಿವೆ.

"ನಾನ್ ಅಡ್ಗಿಯವ್ಳ್," ಎಂದೆ. ಕೈ ಚಾಚಲಿಲ್ಲ.

ಹೊರಗೆ ಕಾರು ನಿಂತ ಸದ್ದು. ಶೈಲೇಶ್ ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಒರೆಸುವ ಕೋಲು ಹಿಡಿದು ನೊರೆಯೊಳಗೆ ಕಾಲಿಟ್ಟ.