ಚಾಯ್‌ಹಾ ನಿಂತು ನಿಂತು ಹೋದದ್ದು

ನಿನ್ನೆ ಅಂಗಳದಲ್ಲಿ ಹಂಚು ಹಾರುವ ಹಾಗೆ ಮೊಳಗಿದ್ದ ಹಾಡಿನ ಲಾರಿ, ಇವತ್ತು ಶವಪೆಟ್ಟಿಗೆಯ ಮುಂದೆ ಹೊರಟು ಶೇಂಗಾ ಪಾಯಸದ ಅಂಗಡಿ ಮುಟ್ಟುವಷ್ಟರಲ್ಲಿ ಗೊರಗೊರ ಎಂದು, ಆಮೇಲೆ ಮೂಕವಾಯಿತು. ಸ್ಟಿಯರಿಂಗ್ ಹಿಡಿದಿದ್ದ ವಾನ್‌ಚೆನ್‌ಗೆ ತನ್ನ ಕಿವಿಯೇ ಹೋಯಿತೇನೋ ಅನ್ನಿಸಿತು. ಇಲ್ಲ, ಮುಂದೆ ನಡೆಯುತ್ತಿದ್ದ ತಾಳದವರ ಸದ್ದು ಕೇಳುತ್ತಿತ್ತು. ಲಾರಿಯ ಬೆನ್ನಿನ ವೇದಿಕೆಯ ಮೇಲೆ ಅವಳ ಅಮಾ, ಅಂದರೆ ಅಜ್ಜಿ, ಮಿನುಗು ಲಂಗ ತೊಟ್ಟು, ಸತ್ತ ಮೈಕನ್ನು ಕೈಯಲ್ಲೇ ಹಿಡಿದು ಬರಿ ಗಂಟಲಲ್ಲಿ ಹಾಡು ಮುಂದುವರಿಸಿದ್ದಳು.

ಹಾಡು ನಿಲ್ಲುವಂತಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಚಾಯ್‌ಹಾ. ಇದೇ ಲಾರಿಯ ಮೇಲೆ, ಮದುವೆಯಿರಲಿ ಮಸಣವಿರಲಿ, ಅಮಾಳ ಜೊತೆ ಒಂದು ಆಯುಷ್ಯವೆಲ್ಲ ಹಾಡಿದವಳು. ಹಾಸಿಗೆ ಹಿಡಿದಾಗ ಗೆಳತಿಯ ಕೈ ಅದುಮಿ, "ನನ್ನ ಕಳಿಸೋವಾಗ ಹೊಳೆ ಸೇತುವೆ ತನಕ ಹಾಡು ಕಡೀಬಾರ್ದು ಕಣೇ. ಹೊಳೆ ಆಚೆಯೋರಿಗೂ ಕೇಳ್ಬೇಕು" ಎಂದಿದ್ದಳು. ಅಮಾ ಆಗಲಿ ಎಂದಿದ್ದಳು. ಆದರೆ ಅಮಾಳ ದನಿ ಈಗ ಹಳೆ ಜರಡಿ. ಹೊಳೆಯಾಚೆ ಹೋಗಲಿ, ಪಕ್ಕದ ಮನೆಗೂ ಮುಟ್ಟದು.

ಅದಕ್ಕೇ ವಾನ್‌ಚೆನ್ ಬೀರುವಿನಷ್ಟೆತ್ತರದ ಸ್ಪೀಕರ್ ತಂದಳು. ಹಚ್ಚಿದ ಕೂಡಲೇ ತಮಟೆಯ ಪ್ರತಿ ಏಟಿಗೂ ಲಾರಿಯ ದೀಪಗಳು ಕಣ್ಣು ಮಿಟುಕಿಸಿದವು. "ಪಾಪ, ಕರೆಂಟಿಗೆ ಹಸ್ಕೊಂಡಿದೆ" ಎಂದ ಬ್ಯಾಟರಿ ಅಂಗಡಿಯ ಅ-ತಿಕ್. ಇಬ್ಬರೂ ಸೇರಿ ಹಳೆಯ ಡೈನಮೊ ಕಿತ್ತು ಬಸ್ಸಿನ ಡೈನಮೊ ಕೂರಿಸಿದರು. ಹೆಬ್ಬೆರಳು ದಪ್ಪದ ತಂತಿ ಎಳೆದರು. ಎರಡನೇ ಬ್ಯಾಟರಿ ಕಟ್ಟಿದರು. ಚಾಸಿಯ ಬಣ್ಣ ಕೆರೆದು ಅರ್ಥಿಂಗ್ ಬಿಗಿದರು. ದೀಪ ಮಿಟುಕುವುದು ನಿಂತಿತು. ಅಂಗಳದ ಬಾತುಗಳು ಬೇಲಿ ಹಾರಿದವು. ಇನ್ನೇನು ಬೇಕು?

ಈಗ ನೋಡಿದರೆ ಹೀಗೆ.

"ಫ್ಯೂಸ್ ಹೋಯ್ತಾ?" ಎಂದಳು ವಾನ್‌ಚೆನ್.

ಪಕ್ಕದಲ್ಲಿ ಮೀಟರ್ ಹಿಡಿದು ಕೂತಿದ್ದ ಅ-ತಿಕ್ ತಲೆ ಕೆರೆದುಕೊಂಡ. "ಫ್ಯೂಸ್ ನೆಟ್ಟಗಿದೆ. ಮುಳ್ಳು ಮಾತ್ರ ಮಲಗ್ಬಿಟ್ಟಿದೆ."

ಅಷ್ಟರಲ್ಲಿ ಅಂಗಡಿ ಮುಂದಿನ ಜನ ಸರಿದು ದಾರಿ ಬಿಟ್ಟರು. ಹಿಂದುಳಿದ ಲಾರಿ ತಾಳದವರನ್ನು ಕೂಡಿಕೊಳ್ಳಲು ತುಸು ಜೋರಾಗಿ ಓಡಿತು. ಓಡಿದ್ದೇ ತಡ, ಢಂ ಎಂದು ಹಾಡು ಮರಳಿ ಬಂತು. ವಾನ್‌ಚೆನ್ ಬೆಚ್ಚಿ ಬ್ರೇಕ್ ತುಳಿಯುವುದರಲ್ಲಿದ್ದಳು.

"ನೀನೇನ್ ಮಾಡ್ದೆ?"

"ನಾನಾ? ಮುಟ್ಟೂ ಇಲ್ಲ. ನೀನೇನ್ ಮಾಡ್ದೆ?"

ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ, ಎರಡು ಚರಣಗಳ ನಡುವೆ ಅಮಾ ಬಗ್ಗಿ ಹೇಳಿದಳು: "ಅವಳು ಪಾಯಸದಂಗಡಿ ಮುಂದೆ ನಿಲ್ದೆ ಯಾವತ್ತಾದ್ರೂ ಹೋಗಿದ್ಲೇನೇ? ನಿಂತ್ಲು. ತಿಂದಾಯ್ತು, ಈಗ ಹೊರಟ್ಲು."

ವಾನ್‌ಚೆನ್‌ಗೆ ನಗು ಬರಲಿಲ್ಲ. ಮನಸ್ಸಿಲ್ಲದೆ ಹೋಗುವವರು ದಾರಿಯ ಗಿಡ, ಗೂಟ, ಗಾಡಿಯ ಚಕ್ರ ಏನು ಸಿಕ್ಕರೂ ಹಿಡಿದುಕೊಳ್ಳುತ್ತಾರೆ ಎಂಬ ಕಥೆಯನ್ನು ಅಮಾಳ ತೊಡೆಯ ಮೇಲೆ ಮಲಗಿ ಕೇಳಿ ಬೆಳೆದವಳು ಅವಳು. ಅರ್ಥಿಂಗ್ ಸಡಿಲವಿದ್ದರೆ ಹಾಡು ಕುಲುಕಾಟಕ್ಕೆ ಹೋಗಬೇಕು, ನಿಂತಾಗ ಬರಬೇಕು. ಇದು ತಲೆಕೆಳಗು. ಬ್ಯಾಟರಿ ಸತ್ತಿದ್ದರೆ ಮತ್ತೆ ಹೇಗೆ ಎದ್ದಿತು? ಯೋಚನೆ ಗಾಣದೆತ್ತಿನಂತೆ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು.

ದರ್ಜಿಯ ಮನೆ ಮುಂದೆ ಜನ ಊದುಬತ್ತಿ ಹಿಡಿದು ಗುಂಪುಗೂಡಿದ್ದರು. ಲಾರಿ ತೆವಳಿತು. ಹಾಡು ಸತ್ತಿತು.

"ಲಂಗದ ಅಳತೆ ಕೊಡ್ತಿದಾಳೆ" ಎಂದಳು ಅಮಾ, ಏದುಸಿರು ಬಿಡುತ್ತ. ಮತ್ತೆ ಬರಿ ಗಂಟಲು.

"ಅಜ್ಜಿ, ಹೆದರಿಸ್ಬೇಡಿ, ನಾನು ಮೊದ್ಲೇ ಪುಕ್ಕಲ" ಎಂದ ಅ-ತಿಕ್. ಅವನ ನಗು ಅರ್ಧಕ್ಕೇ ನಿಂತಿತ್ತು.

ಸೇತುವೆಗೆ ಮುಂಚಿನ ಇಕ್ಕಟ್ಟು ದಾರಿಯಲ್ಲಿ ಮೆರವಣಿಗೆ ಇರುವೆ ಸಾಲಾಯಿತು. ಸ್ಪೀಕರಿನಿಂದ ಉಸಿರಿಲ್ಲ. ಅಮಾಳ ದನಿ ನೂಲಿನಷ್ಟು ಸಣ್ಣದಾಗಿ, ಒಂದು ಕಡೆ ಕೆಮ್ಮಿಗೆ ಸಿಕ್ಕಿ, ಹೇಗೋ ಬಿಡಿಸಿಕೊಂಡಿತು. ಕ್ಲಚ್ ಅರ್ಧರ್ಧ ಒತ್ತಿ ಸುಟ್ಟ ವಾಸನೆ ಹೊಡೆಯತೊಡಗಿತು. ವಾನ್‌ಚೆನ್‌ಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಕ್ಲಚ್ಚನ್ನು ಪೂರ್ತಿ ತುಳಿದು, "ಹೋಗಮ್ಮಾ, ಸಾಕು ಹೋಗು!" ಎಂದು ಆಕ್ಸಿಲರೇಟರನ್ನು ಜಾಡಿಸಿ ಒದ್ದಳು.

ಇಂಜಿನ್ ಅಬ್ಬರಿಸಿತು. ಮೀಟರಿನ ಮುಳ್ಳು ಎದ್ದು ನಿಂತಿತು. ಅಮಾಳ ನೂಲಿನ ದನಿ ಹಗ್ಗವಾಗಿ ಹೊಳೆಯ ಕಡೆಗೆ ಎರಗಿತು.

ಕಾಲು ತೆಗೆದಳು, ದನಿ ಕುಸಿಯಿತು. ಒತ್ತಿದಳು, ಎದ್ದಿತು.

"ಅಯ್ಯೋ ನನ್ನ ಬುದ್ಧಿಗೆ!" ಅ-ತಿಕ್ ಹಣೆ ಬಡಿದುಕೊಂಡ. "ನಿನ್ನೆ ಅಂಗಳದಲ್ಲಿ ನಾನು ಆಕ್ಸಿಲರೇಟರ್ ಒತ್ಕೊಂಡೇ ಕೂತಿದ್ದೆ ಕಣೇ! ಇದು ಹೆದ್ದಾರೀಲಿ ಓಡೋ ಬಸ್ಸಿನ ಡೈನಮೊ. ಇಂಜಿನ್ ಜೋರಾಗಿ ತಿರುಗಿದ್ರೇ ಕರೆಂಟು. ಹೆಣದ ಮುಂದೆ ನಡ್ಯೋ ನಡಿಗೇಲಿ ಇದಕ್ಕೆ ನಿದ್ದೆ! ಬೆಳಿಗ್ಗೆ ಪೂಜೇಲಿ ಹೊಗೆ ಬೇಡ ಅಂತ ಇಂಜಿನ್ ಬೇರೆ ಆರ್ಸಿ ಬರೀ ಬ್ಯಾಟರೀಲೇ ಹಾಡ್ಸಿದ್ವಿ, ಎರಡೂ ಮುಕ್ಕಾಲು ಬರಿದು."

"ಜೋರಾಗಿ ಓಡ್ಸಿದ್ರೆ ತಾಳದೋರ ಮೇಲೆ ಹತ್ತುತ್ತಲ್ಲೋ."

ಇಬ್ಬರೂ ಮುಖ ಮುಖ ನೋಡಿಕೊಂಡರು. ವಾನ್‌ಚೆನ್ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ, ಕಿಟಕಿಯಿಂದ ತಲೆ ಹೊರಹಾಕಿ, ಬಿಳಿ ಬಟ್ಟೆಯಲ್ಲಿದ್ದ ಚಾಯ್‌ಹಾಳ ಅಳಿಯಂದಿರನ್ನು ಕೂಗಿದಳು: "ಮಾವಂದಿರಾ, ತಳ್ಳಿ! ಹಿಂದಿನಿಂದ ತಳ್ಳಿ!"

"ಕೆಟ್ಟೋಯ್ತಾ?"

"ಇಲ್ಲ, ಇಂಜಿನ್ ಹಾಡ್ತಿದೆ! ನಡಿಗೆ ನಿಮ್ದು!"

ಅವರಿಗೆ ಏನೂ ತಿಳಿಯಲಿಲ್ಲ. ಆದರೂ ಹೆಗಲು ಕೊಟ್ಟರು. "ಬದುಕಿದ್ದಾಗ್ಲೂ ಅತ್ತೆ ನಮ್ಮ ಕೈಲಿ ಹೀಗೇ ತಳ್ಳಿಸ್ತಿದ್ರು" ಎಂದು ಒಬ್ಬ ಅಳುತ್ತಲೇ ನಕ್ಕ. ತಾಳದವರು, ದರ್ಜಿ, ಕೊನೆಗೆ ಪುರೋಹಿತರೂ ಕೈ ಹಚ್ಚಿದರು. ಇಂಜಿನ್ ಹುಲಿಯಂತೆ ಅಬ್ಬರಿಸುತ್ತಿತ್ತು, ಲಾರಿ ಬಸುರಿಯಂತೆ ನಡೆಯುತ್ತಿತ್ತು. ಸೇತುವೆಯ ಮೊದಲ ಕಂಬದ ಬಳಿ ಅಮಾ ಕೊನೆಯ ಸಾಲನ್ನು ಎಳೆದೆಳೆದು ಹಾಡಿ ಮುಗಿಸಿದಳು. ಆಚೆ ದಡದಲ್ಲಿ ಬಾತು ಕಾಯುವವನೊಬ್ಬ ಎದ್ದು ನಿಂತು ಟೋಪಿ ತೆಗೆದ.

ಮರಳುವಾಗ ಅ-ತಿಕ್ ತಾಳದವರ ಜೊತೆ ಹಿಂದೆ ಉಳಿದ, ಕ್ಯಾಬಿನ್ನಿನಲ್ಲಿ ಅವನ ಜಾಗದಲ್ಲಿ ಅಮಾ ಕೂತಳು. ವಾನ್‌ಚೆನ್ ಡೈನಮೊದ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಅಮಾ ತಲೆದೂಗಿದಳು.

"ಸರಿ ಮತ್ತೆ. ಅವಳು ನಿಂತಲ್ಲೆಲ್ಲ ಜನ ನಿಂತ್ರೋ, ಜನ ನಿಂತಲ್ಲೆಲ್ಲ ಅವಳು ನಿಂತ್ಲೋ?"

ವಾನ್‌ಚೆನ್ ಗೇರು ಬದಲಿಸಿದಳು. ಬೀದಿ ಖಾಲಿಯಿತ್ತು, ಅಡ್ಡ ಯಾರೂ ಇರಲಿಲ್ಲ. ಆದರೂ ಪಾಯಸದ ಅಂಗಡಿ ಹತ್ತಿರವಾದಂತೆ ಅವಳ ಕಾಲು ಪೆಡಲಿನಿಂದ ತಾನಾಗಿಯೇ ಮೇಲೆದ್ದಿತು.

"ಇಳಿ, ಅಮಾ" ಎಂದಳು. "ಮೂರು ಬಟ್ಟಲು ಹೇಳು."