ನಮಗ್ಯಾಕೆ ಬುಡಿ

ಕೊಣನೂರು ಬಸ್ ಸ್ಟ್ಯಾಂಡಿನ ಎದುರಿಗೆ ಭೀಮನ ಟೀ ಹೋಟೆಲು. ಅದರ ಮುಂದೆ ಒಂದು ಕಲ್ಲುಬೆಂಚು. ಬೆಳಗ್ಗೆ ಏಳರಿಂದ ಹತ್ತರವರೆಗೆ ಆ ಬೆಂಚಿನ ಮೇಲೆ ಮೂರು ಜನ ಖಾಯಂ: ಗೊಬ್ಬರದ ಅಂಗಡಿ ಗೌರೀಶಂಕರ, ಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ತಮ್ಮಣ್ಣ, ಮತ್ತೆ ಬಸ್ ಕಂಡಕ್ಟರ್ ಆಗಿ ರಿಟೈರಾದ ನಮ್ಮ ಕಾಂತರಾಜು.

ಊರಿಗೆ ಸಂಬಂಧ ಕೇಳಿಕೊಂಡು ಬರೋರು ನೇರವಾಗಿ ಮನೆಗೆ ಹೋಗ್ತಾರೆ ಅಂದುಕೊಂಡಿರಾ? ಎಲ್ಲಿ ಬಂತು! ಮೊದಲು ಭೀಮನ ಹೋಟೆಲಲ್ಲಿ ಒಂದು ಟೀ ಹೇಳಿ, ಬೆಂಚಿನ ಕಡೆ ತಿರುಗಿ "ಇಂಥೋರ ಮನೆ ಎಂಗೆ ಯಜಮಾನ್ರೇ?" ಅಂತ ವಿಚಾರಿಸಿಯೇ ಮುಂದಿನ ಹೆಜ್ಜೆ. ಬೆಂಚಿನವರು ಸುಳ್ಳು ಹೇಳೋ ಜನ ಅಲ್ಲಪ್ಪ, ಆ ಅಪವಾದ ಬೇಡ. ಒಬ್ಬ ಆಕಾಶ ನೋಡ್ತಾನೆ, ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಮೆಲ್ಲಗೆ "ನಮಗ್ಯಾಕೆ ಬುಡಿ ಸಾ" ಅಂತಾನೆ. ಅಷ್ಟೇ. ಬಂದವರು ಟೀ ಅರ್ಧಕ್ಕೇ ಇಟ್ಟು ಮುಂದಿನ ಬಸ್ಸಿಗೆ ವಾಪಸ್ಸು. ಆಮೇಲೆ ಬೆಂಚಿನಲ್ಲಿ ನಗುವೋ ನಗು. ಹಾಳಾದವರು, ಅದೊಂದು ಆಟ ಅವರಿಗೆ.

ಹೋದ ವರ್ಷ ಹೊನ್ನಕ್ಕನ ಮಗನಿಗೆ ಬಂದಿದ್ದ ಸಂಬಂಧ ಹೀಗೇ ಕೆಟ್ಟಿತು. ಕೆಮ್ಮಿದವನು ಕಾಂತರಾಜು. ಮಾರನೇ ದಿನ ಆ ಹೆಂಗಸು ಇವನನ್ನೇ ನಿಲ್ಲಿಸಿ, "ಯಾರೋ ಏನೋ ಅಂದ್ಬುಟ್ರಂತೆ ಕಣಣ್ಣ, ನಿಮ್ಗೇನಾರ ಗೊತ್ತಾ?" ಅಂತ ಕಣ್ಣೀರು ಹಾಕಿದಳು. ಎರಡು ದಿನ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಮೂರನೇ ದಿನ ಬೆಂಚಿಗೆ ಹೋದ. ಹೋಗದೆ ಏನು ಮಾಡ್ತಾನೆ? ಮೂವತ್ತೆರಡು ವರ್ಷ ಜನಜಂಗುಳಿಯಲ್ಲೇ ನಿಂತು ಬಾಳಿದವನು. ರಿಟೈರಾದ ಮೇಲೆ ಮನೆಯ ಗೋಡೆ ನೋಡಿ ನೋಡಿ ಹುಚ್ಚು ಹಿಡಿಯೋದೊಂದು ಬಾಕಿ ಇತ್ತು. ಆಗ "ಬಾರ್ಲಾ, ಕೂತ್ಕೋ" ಅಂತ ಜಾಗ ಬಿಟ್ಟುಕೊಟ್ಟವರು ಈ ಇಬ್ಬರೇ.

ಈ ಸಲ ಸರದಿ ಲಕ್ಕಯ್ಯನ ಮಗಳು ನಿಸರ್ಗಳದು. ಮಲ್ಲಿಪಟ್ಟಣದ ಹೈಸ್ಕೂಲಿನಲ್ಲಿ ಟೀಚರು. ಭಾನುವಾರ ಚನ್ನರಾಯಪಟ್ಟಣದ ಕಡೆಯವರು ವಿಚಾರಿಸೋಕೆ ಬರ್ತಾರೆ ಅನ್ನೋ ಸುದ್ದಿ ಗೌರೀಶಂಕರನಿಗೆ ಮೊದಲೇ ಸಿಕ್ಕಿಬಿಟ್ಟಿತ್ತು.

"ಈ ಸಲ ಆ ಮಾತು ನಿನ್ ಬಾಯಲ್ಲೇ ಬರ್ಬೇಕು ಕಣ್ಲಾ ಕಾಂತ. ನಿನ್ ಜಮೀನಿನ ಬದು ಒತ್ತಿದೋನಲ್ವಾ ಅವ್ನು?"

ಒತ್ತಿದ್ದು ನಿಜ. ಲಕ್ಕಯ್ಯನಿಗೂ ಕಾಂತರಾಜುಗೂ ಮೂರು ವರ್ಷದಿಂದ ಮಾತಿಲ್ಲ.

"ಹುಡ್ಗಿ ಏನ್ ಮಾಡವ್ಳೆ ಪಾಪ?" ಅಂದ ಕಾಂತರಾಜು.

"ಓಹೋ, ಬಂದ್ರಪ್ಪ ಸತ್ಯವಂತ್ರು!" ತಮ್ಮಣ್ಣ ತೊಡೆ ತಟ್ಟಿದ. "ನಾವಿಬ್ರು ಒಂದಾದ್ರೆ ನೀನೊಂದಾ? ಅಂಗಿದ್ರೆ ನಾಳೆಯಿಂದ ಎಂಡ್ರ ಸೆರಗು ಹಿಡ್ಕಂಡು ಮನೇಲೇ ಕೂತ್ಕೋ."

ಕಾಂತರಾಜು ಹೆಹ್ಹೆ ಅಂತ ನಕ್ಕುಬಿಟ್ಟ. ದಾರಿಯುದ್ದಕ್ಕೂ ಆ ನಗುವಿಗೆ ತನ್ನನ್ನೇ ಬೈದುಕೊಂಡ.

ಮನೆಯಲ್ಲಿ ಹೆಂಡತಿ ಅನಸೂಯಮ್ಮನ ಹತ್ತಿರ ಎಲ್ಲ ಬಾಯಿಬಿಟ್ಟ. ಅವಳು ಹುರುಳಿಕಾಯಿ ಬಿಡಿಸುತ್ತಾ, "ಭಾನುವಾರ ಓಗ್ಲೇಬೇಡಿ. ತಲೆನೋವು ಅಂದ್ಬುಡಿ" ಅಂದಳು. ಒಳ್ಳೆ ಉಪಾಯ ಅನ್ನಿಸಿತು. ಭಾನುವಾರ ಬೆಳಗ್ಗೆ ಟವೆಲ್ಲು ತಲೆಗೆ ಕಟ್ಟಿಕೊಂಡು ಜಗಲಿ ಮೇಲೆ ಕೂತೂ ಕೂತ. ಇಲ್ಲಿ ಕೂತರೂ ನಾನು "ನಮಗ್ಯಾಕೆ ಬುಡಿ" ಅಂದಂಗೇ ಅಲ್ಲವಾ? ಟವೆಲ್ಲು ಬಿಚ್ಚಿ ಎಸೆದು ಚಪ್ಪಲಿ ಮೆಟ್ಟಿದ.

ಹೋಗೋ ಹೊತ್ತಿಗೆ ಹುಡುಗನ ಸೋದರಮಾವ ನಂಜಪ್ಪ ಟೀ ಲೋಟ ಹಿಡಿದು ನಿಂತಿದ್ದ. ಗೌರೀಶಂಕರ ಆಗಲೇ ಆಕಾಶ ನೋಡುತ್ತಿದ್ದ. ತಮ್ಮಣ್ಣ ರಾಗ ಎಳೆಯುತ್ತಿದ್ದ: "ಹುಡ್ಗಿ ಸ್ಕೂಟೀಲಿ ಓಡಾಡ್ತಾಳೆ ಸಾ. ಬರೋದು ಹೊತ್ತಾಯ್ತದೆ... ಹೋಗ್ಲಿ, ನಮಗ್ಯಾಕೆ ಬುಡಿ. ಅಗೋ, ಕಾಂತರಾಜು ಬಂದ. ಪಕ್ಕದ ಜಮೀನಿನೋನು, ಅವನ್ನೇ ಕೇಳಿ."

ನಂಜಪ್ಪನ ಮುಖ ಆಗಲೇ ಬಾಡಿತ್ತು. ಲೋಟ ಕೆಳಗಿಡೋಕೆ ಬಗ್ಗಿದ. ಬಸ್ಸಿನಲ್ಲಿ ಎಂಥೆಂಥಾ ಕುಡುಕರನ್ನ ಕೆಳಗಿಳಿಸಿದ ಕಾಂತರಾಜು ಈ ಇಬ್ಬರ ಕಡೆ ನೋಡದೆ ನಂಜಪ್ಪನ ಎದುರಿಗೆ ಬಂದು ನಿಂತ.

"ಟೀ ಪೂರ್ತಿ ಕುಡೀರಿ ಯಜಮಾನ್ರೇ," ಅಂದ. "ಲಕ್ಕಯ್ಯಂಗೂ ನಂಗೂ ಮಾತಿಲ್ಲ. ಬದು ವಿಷಯಕ್ಕೆ ಕೊಳ್ಪಟ್ಟಿ ಹಿಡ್ಕಂಡಿದ್ದೀವಿ. ಅವ್ನು ಮಾ ಜಗಳಗಂಟ, ಅದು ನಿಮ್ಗೆ ಗೊತ್ತಿರ್ಲಿ. ಆದ್ರೆ ಆ ಮಗು... ಅಪ್ಪ ನನ್ ಮುಖ ನೋಡ್ದಿದ್ರೂ ಅದು ಸ್ಕೂಟಿ ನಿಲ್ಸಿ 'ಚೆನ್ನಾಗಿದ್ದೀರಾ ದೊಡ್ಡಪ್ಪ' ಅಂತದೆ. ಹೊತ್ತಾಗೋದು ಯಾಕೆ? ಎಸ್ಸೆಸ್ಸೆಲ್ಸಿ ಮಕ್ಳಿಗೆ ಸಂಜೆ ಪಾಠ ಮಾಡ್ತಾಳೆ, ಸ್ಕೂಲಲ್ಲೇ ಕೇಳಿ ಬೇಕಾದ್ರೆ. ಅಂಥ ಮಗಳು ನಂಗಿಲ್ವಲ್ಲಾ ಅಂತ ನಂಗೆ ಹೊಟ್ಟೆಕಿಚ್ಚು ಕಣ್ರೀ!"

ಹೋಟೆಲಿನೊಳಗೆ ಭೀಮ ವಡೆ ಬಿಡೋದು ನಿಲ್ಲಿಸಿದ್ದ. ನಂಜಪ್ಪ ಇವನನ್ನ ಮೇಲಿಂದ ಕೆಳಗೆ ನೋಡಿ, "ಜಗಳ ಆಡ್ದೋರೇ ಇಂಗಂದ್ಮೇಲೆ ಇನ್ಯಾರನ್ನ ಕೇಳೋದು?" ಅಂತ ಟೀ ಮುಗಿಸಿ, ಲಕ್ಕಯ್ಯನ ಮನೆ ದಾರಿ ಕೇಳಿದ. ಕಾಂತರಾಜು ತಾನೇ ತಿರುವಿನವರೆಗೂ ಹೋಗಿ ಕೈ ತೋರಿಸಿ ಬಂದ.

ಮಾರನೇ ದಿನ ಬೆಂಚಿನ ಮೇಲೆ ಅವನ ಜಾಗದಲ್ಲಿ ತಮ್ಮಣ್ಣನ ಟವೆಲ್ಲು, ಟವೆಲ್ಲಿನ ಮೇಲೆ ಪೇಪರು. ಯಾರೂ ತೆಗೆಯಲಿಲ್ಲ. ಕಾಂತರಾಜು ನಿಂತುಕೊಂಡೇ ಟೀ ಕುಡಿದ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ, ಬಹಳ ಬೇಜಾರಾಯಿತು. ಆದರೆ ಮನೆಗೆ ಬಂದು ಊಟಕ್ಕೆ ಕೂತರೆ ಮುದ್ದೆ ಸಲೀಸಾಗಿ ಇಳಿಯಿತು, ಎರಡನೆಯದನ್ನೂ ಹಾಕಿಸಿಕೊಂಡ. ಅದೇ ಸಂಜೆ ಹೊನ್ನಕ್ಕನ ಮನೆಗೆ ಹೋಗಿ "ಅವತ್ತು ಕೆಮ್ಮಿದೋನು ನಾನೇ ಕಣಮ್ಮ" ಅಂದ. ಅವಳು ಅವನ ಏಳು ತಲೆಮಾರಿಗೂ ಮಂಗಳಾರತಿ ಎತ್ತಿ, ಉಸಿರು ಸಾಲದಾದ ಮೇಲೆ ಕುಡಿಯೋಕೆ ಮಜ್ಜಿಗೆ ಕೊಟ್ಟಳು. ಆಮೇಲಾಮೇಲೆ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಹೊಳೆ ಕಡೆ ನಡೆದು ಬರೋದು ಅಭ್ಯಾಸವಾಯಿತು. ಅನಸೂಯಮ್ಮ ಇಷ್ಟೊಂದು ನಗಿಸ್ತಾಳೆ ಅಂತ ಆ ಮಹಾನುಭಾವನಿಗೆ ಅರವತ್ತೊಂದನೇ ವಯಸ್ಸಿಗೆ ಗೊತ್ತಾಯಿತು ನೋಡಿ.

ನಿಸರ್ಗಳ ಸಂಬಂಧ ಕೂಡಿಬಂತು. ಲಕ್ಕಯ್ಯ ಆಗಲೂ ಮಾತಾಡಲಿಲ್ಲ, ಅವನ ಜಂಭ ಅವನಿಗೆ. ಲಗ್ನಪತ್ರಿಕೆ ಕೊಡೋಕೆ ಮಗಳೇ ಬಂದಳು.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ, ಗೇಟಿನ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು. ನೋಡಿದರೆ ಗೌರೀಶಂಕರ! ಒಳಗೆ ಬಂದ, ಕೂರಲಿಲ್ಲ. ಮಳೆ ವಿಷಯ ಎತ್ತಿದ, ಶುಂಠಿ ರೇಟಿನ ವಿಷಯ ಎತ್ತಿದ.

"ಏನ್ಲಾ ವಿಷ್ಯ?" ಅಂದ ಕಾಂತರಾಜು.

"ನಮ್ ಮಗಳು ರೂಪಶ್ರೀನ ಕೇಳ್ಕಂಡು ಹೊಳೆನರಸೀಪುರದೋರು ಭಾನುವಾರ ಬತ್ತಾವ್ರಂತೆ. ಮೊದ್ಲು ಭೀಮನ ಹೋಟ್ಲಿಗೇ ಬರೋದು. ನೀನು ಬೆಂಚ್ ಮೇಲೆ ಇರ್ಬೇಕು ಕಣ್ಲಾ."

"ನಾನ್ಯಾಕೆ? ತಮ್ಮಣ್ಣ ಇರ್ತಾನಲ್ಲ."

ಗೌರೀಶಂಕರ ತಲೆ ತಗ್ಗಿಸಿದ.

"ಅವ್ನು ಇರ್ತಾನೆ ಅಂತಲೇ ಕಣೋ ನಿನ್ನತ್ರ ಬಂದಿರೋದು."