ಶುಕ್ರ ಕುರುಡಾದ ಮೂರು ದಿನ

ಎಳೆಗೂಸನ್ನು ಎತ್ತಿಕೊಂಡು ಶುಕ್ರನಿಗೆ ಎದುರಾಗಿ ಹೋಗಬಾರದು. ಗುಲ್ವಾಡಿಯ ಪ್ರಭಾವತಿಗೆ ಇದನ್ನು ಯಾರೂ ಪಂಚಾಂಗ ತೆರೆದು ಹೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಅವಳು ಕಡಲ ಬದಿಯ ತವರಿನಿಂದ ಎರಡು ತಿಂಗಳ ಗಂಡುಕೂಸನ್ನು ಎತ್ತಿಕೊಂಡು, ಮೂಡುದಿಕ್ಕಿನ ಈ ಗಂಡನ ಮನೆಗೆ ಬಂದಿದ್ದಳು. ಆಗ ಶುಕ್ರ ಮೂಡಣದಲ್ಲಿದ್ದ. ಒಂಬತ್ತನೆಯ ದಿನ ಕೂಸು ಜ್ವರದಲ್ಲಿ ಹೋಯಿತು. ‘ಎದುರು ಶುಕ್ರಂಗೆ ಕೂಸನ್ನ ಕೊಟ್ಕಂಡೇ ಬಂದ್ಲ್’ ಎಂದು ಅತ್ತೆ ಅಂದ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತ್ತು.

ಈಗ ಮಗಳು ಸೌಮ್ಯಶ್ರೀ ಹೆಣ್ಣುಕೂಸು ಹೆತ್ತು, ಬಾಣಂತನ ಮುಗಿಸಿ ಕೂತಿದ್ದಳು. ಅವಳ ಗಂಡನ ಮನೆ ಅಮಾಸೆಬೈಲು, ಮೂಡಕ್ಕೇ. ಬೆಳಗಿನ ಜಾವ ನೋಡಿದರೆ ಶುಕ್ರನೂ ಅಲ್ಲೇ.

ಬೀಗತಿ ಸರಸ ಅಲ್ಲಿ ಹಾಸಿಗೆ ಹಿಡಿದಿದ್ದಳು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ದಿನವೂ ವೀಡಿಯೊ ಕಾಲ್ ಮಾಡುತ್ತಿದ್ದಳು.

“ಪ್ರಭಕ್ಕಾ, ನನ್ ಮೊಮ್ಮಗಳನ್ನ ಕರ್ಕಂಡ್ ಬಪ್ಪುದ್ ಯಾವಾಗ?”

“ಇನ್ನೊಂದ್ ತಿಂಗ್ಳ್ ತಡೀನಿ ಸರಸಕ್ಕ. ಶುಕ್ರ ಮೂಡ ಬಿಡ್ಲಿ.”

“ನನ್ ಹತ್ರ ತಿಂಗ್ಳ್ ಎಲ್ಲಿತ್ ಮಾರಾಯ್ತಿ? ಶುಕ್ರಾಚಾರ್ಯಂಗೆ ಒಂದೇ ಕಣ್ಣಂಬ್ರಲೆ. ಕಾಣದ್ದ್ ಬದಿಂದ ಕದ್ಕಂಡ್ ಬನಿ!”

ಸರಸ ನಕ್ಕಳು. ನಗು ಕೆಮ್ಮಾಯಿತು. ಫೋನು ಜಾರಿ, ಪರದೆಯ ತುಂಬ ಮಾಡಿನ ಹಂಚು ಕಂಡಿತು.

“ಅಮ್ಮಾ, ಭಟ್ರ ಹತ್ರ ಒಂದ್ ಮಾತ್ ಕೇಂಬುಕಾಗ್ದಾ?” ಎಂದಳು ಸೌಮ್ಯಶ್ರೀ.

“ಕೇಂಬುದೆಂತ? ಹೆತ್ತ್ ಕಳ್ಕಂಡದ್ ನಾನಾ, ಭಟ್ರಾ?”

ಪ್ರಭಾವತಿಗೆ ಭಟ್ಟರಲ್ಲಿ ನಂಬಿಕೆ ಇಲ್ಲದೆ ಅಲ್ಲ. ಹೋಗಬಹುದು ಎಂದುಬಿಟ್ಟರೆ ಕಳಿಸಬೇಕಾಗುತ್ತದಲ್ಲ ಎಂಬ ಹೆದರಿಕೆ.

ತುಳಸಿ ಪೂಜೆಯ ಮರುದಿನ ಅಳಿಯ ಪ್ರಖ್ಯಾತ್ ಕಾರು ತಂದ. ಜಗಲಿ ಹತ್ತುವ ಮೊದಲೇ ಹೇಳಿದ. “ಅತ್ತೆ, ಅಮ್ಮ ದಾರಿ ಕಾಂತಾ ಇದ್ರ್. ಕಂಡ್ಕಂಡ್ ಸಂಜೆಗೇ ವಾಪಸ್ ಬಿಡ್ತೆ.” ಪ್ರಭಾವತಿ ಅವನಿಗೆ ಊಟ ಬಡಿಸಿದಳು, ಸರಸಳಿಗೆಂದು ಗಂಜಿಗೆ ನೆಂಚಿಕೊಳ್ಳಲು ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಕೂಸನ್ನು ಕೊಡಲಿಲ್ಲ. ಕಾರು ಖಾಲಿ ಹೋಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಸರಸ ತೀರಿಕೊಂಡಳು.

ಸೌಮ್ಯಶ್ರೀ ಯಾರನ್ನೂ ಕೇಳಲಿಲ್ಲ. ಕೂಸನ್ನು ಶಾಲಿನಲ್ಲಿ ಸುತ್ತಿ ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತ ಪ್ರಭಾವತಿಯ ಬಾಯಿಂದ ಶುಕ್ರನ ಹೆಸರು ಹೊರಡಲಿಲ್ಲ. ಅಮಾಸೆಬೈಲಿನಲ್ಲಿ ಹಾಸಿಗೆ ಎತ್ತುವಾಗ ತಲೆದಿಂಬಿನಡಿ ಒಂದು ಬೆಳ್ಳಿಯ ಉಡಿದಾರ ಸಿಕ್ಕಿತು. ಕೂಸು ಹುಟ್ಟಿದ ವಾರವೇ ಮಾಡಿಸಿ ಇಟ್ಟುಕೊಂಡದ್ದಂತೆ, ತನ್ನ ಕೈಯಾರೆ ಕಟ್ಟಬೇಕೆಂದು. ಸೌಮ್ಯಶ್ರೀ ಕೂಸಿನ ಸೊಂಟಕ್ಕೆ ಸುತ್ತಿ ನೋಡಿದಳು. ಕೂಸು ಬೆಳೆದಿತ್ತು. ಕೊಂಡಿ ಕೂಡಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಪ್ರಭಾವತಿ ಒಬ್ಬಳೇ ಗುಲ್ವಾಡಿಗೆ ಮರಳಿದಳು. ಎದುರು ಶುಕ್ರನಿಗೆ ಹೋದ ಕೂಸಿಗೆ ಏನಾದರೂ ಆದೀತೆಂಬ ದಿಗಿಲು ಬಿಡಲಿಲ್ಲ. ಮರುದಿನವೇ ಶಾಂತಿ ಮಾಡಿಸುವ ಎಂದು ಭಟ್ಟರ ಮನೆಗೆ ಹೋದಳು.

ಭಟ್ಟರು ಎಲ್ಲ ಕೇಳಿ, ಕನ್ನಡಕ ಏರಿಸಿ ಪಂಚಾಂಗದ ಹಾಳೆ ತಿರುವಿದರು. “ಶಾಂತಿ ಮಾಡ್ಲಕ್ಕ್. ಆದ್ರೆ ಪ್ರಭಕ್ಕ, ನೀವ್ ಮೊದ್ಲೇ ಎಂತಕೆ ಕೇಣ್ಲಿಲ್ಲ? ಚಂದ್ರ ರೇವತಿ, ಅಶ್ವಿನಿ, ಭರಣಿಲಿಪ್ಪತಿಗೆ ಶುಕ್ರಂಗೆ ಕಣ್ಣ್ ಕಾಂತಿಲ್ಲ. ಕುರುಡ. ಆಗ ಎದುರ್ ಹೋರೂ ದೋಷ ಇಲ್ಲ. ಪ್ರತಿ ತಿಂಗ್ಳೂ ಮೂರ್ ದಿನ ಸಿಕ್ಕತ್ತ್.”

“ಹೋದ್ ತಿಂಗ್ಳ್ ಯಾವಾಗ ಬಂದಿತ್ತ್?”

“ತುಳಸಿ ಪೂಜೆ ಮರುದಿನದಿಂದ.”

ಖಾಲಿ ಹೋದ ಕಾರು ಪ್ರಭಾವತಿಯ ಕಣ್ಣಿಗೆ ಕಟ್ಟಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿದಳು: “ಅಶ್ವಿನಿ ಅಂದ್ರಿ ಅಲ್ದಾ?”

“ಹೌದ್.”

ಮೂವತ್ತೊಂದು ವರ್ಷದ ಹಿಂದೆ ಗಂಡುಕೂಸಿನೊಡನೆ ತವರಿನಿಂದ ಹೊರಟದ್ದೂ ಅಶ್ವಿನಿಯಂದೇ. ಗಂಡನ ಜನ್ಮನಕ್ಷತ್ರ, ಹಟ್ಟಿಯಂಗಡಿಯಲ್ಲಿ ಗಣಹೋಮ ಇತ್ತು. ಪ್ರಸಾದ ಹಿಡಿದುಕೊಂಡೇ ಮನೆಗೆ ಬಂದದ್ದು.

“ಹಂಗಾರೆ ನನ್ ಮಾಣಿ ಎಂತಕೆ ಹೋದ ಭಟ್ರೇ?”

ಭಟ್ಟರು ಪಂಚಾಂಗ ಮುಚ್ಚಿದರು. “ಜ್ವರ ಬಂದಿತ್ತಲೆ ಅಕ್ಕ,” ಎಂದರು ಮೆಲ್ಲಗೆ.

ಮನೆಯ ಬೇಲಿಯ ದಣಪೆ ದಾಟುವಾಗ ಫೋನು ಬಂತು. ಸೌಮ್ಯಶ್ರೀ. “ಭಟ್ರ್ ಎಂತ ಹೇಳ್ರಮ್ಮ?”

ಶಾಂತಿ ಮಾಡಬಹುದಂತೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಪ್ರಭಾವತಿ ದಣಪೆಯನ್ನು ಹಿಡಿದು ನಿಂತಳು.

“ಮೂರ್ ದಿನ ಇತ್ತಂಬ್ರ್ ಮಗಾ. ಪ್ರಖ್ಯಾತ್ ಬಂದ್ ದಿನವೇ ಹೋಪುಕಾತಿತ್ತಂಬ್ರ್. ನಾನ್ ಕೇಣ್ಲಿಲ್ಲ.”

ಆ ಕಡೆಯಿಂದ ಕೂಸು ತನ್ನಷ್ಟಕ್ಕೆ ಏನೋ ಉಲಿಯುವುದು ಮಾತ್ರ ಕೇಳಿಸುತ್ತಿತ್ತು. ಮಗಳು ಫೋನು ಇಡಲಿಲ್ಲ. ಪ್ರಭಾವತಿಯೂ ಇಡಲಿಲ್ಲ.